ಗ್ರನಾಡಾ ನೋಡಿ ಬಂದ ಪಾಸ್‌ಪೋರ್ಟು

ಗ್ರನಾಡಾ ಎಂಬ ಊರಿನ ಬಗ್ಗೆ ಕುವೈತಿನಲ್ಲಿ ರೋಹಿದಾಸನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಅವನು ಆ ಊರಿಗೆ ಒಮ್ಮೆಯೂ ಹೋಗಿರಲಿಲ್ಲ ಎಂಬುದು ಬೇರೆ ಮಾತು.

ಸ್ಪೇನಿನ ದಕ್ಷಿಣದಲ್ಲಿರುವ ಆ ಊರನ್ನು ಹಿಂದೊಂದು ಕಾಲಕ್ಕೆ ಅರಬರು ಆಳಿದ್ದರು. ಹಾಗಾಗಿ ಕುವೈತಿನ ಸಿರಿವಂತರಿಗೆ ಅಲ್ಲಿಗೆ ಹೋಗುವುದೆಂದರೆ ಅಜ್ಜನ ಮನೆಗೆ ಹೋದಷ್ಟೇ ಹಕ್ಕಿನ ಸಂಗತಿ. ಅದನ್ನು ಅವರು ಘರ್ನಾತಾ ಎಂದು ಕರೆದು ಒಂದು ನಿಟ್ಟುಸಿರನ್ನೂ ಬಿಡುತ್ತಿದ್ದರು. ಬಿಸಿಲು ಏರಿದೊಡನೆ ಅವರೆಲ್ಲ ಫಹಾದ್ ಅಲ್ ಸಾಲೆಂ ರಸ್ತೆಯಲ್ಲಿದ್ದ ಅಬು ಫೈಸಲನ ಟ್ರಾವೆಲ್ ಏಜೆನ್ಸಿಗೆ ಬರುತ್ತಿದ್ದರು. ಟಿಕೆಟಿನ ಜೊತೆ ಎಂಟು ಪುಟದ ಹಸಿರು ಪುಸ್ತಿಕೆಯೊಂದು ಪುಕ್ಕಟೆ: 'ಕಾಲ್ನಡಿಗೆಯಲ್ಲಿ ಗ್ರನಾಡಾ, ಐದು ದಾರಿಗಳು'. ಬರೆದವನು ಮುಲ್ಕಿಯ ಕಡೆಯ ರೋಹಿದಾಸ, ಏಜೆನ್ಸಿಯ ಹಿರಿಯ ಗುಮಾಸ್ತ. ಮುಖಪುಟದ ಮೇಲೆ ನಗುತ್ತಿದ್ದವನು ಅಬು ಫೈಸಲ್.

ದಾರಿ ಹುಡುಕಲು ರೋಹಿದಾಸನಿಗೆ ಬೇಕಾಗಿದ್ದದ್ದು ಒಂದು ನಕ್ಷೆ ಮತ್ತು ಹೆಂಡತಿ ಸುಗಂಧಿಯ ಹೊಲಿಗೆ ಡಬ್ಬಿಯ ಒಂದು ಎಳೆ ದಾರ. ದಾರವನ್ನು ಬೀದಿಯ ಒಂದೊಂದು ತಿರುವಿಗೂ ಬಗ್ಗಿಸಿ ಇಡುವುದು, ಆಮೇಲೆ ನೇರ ಎಳೆದು ಸ್ಕೇಲಿಗೆ ಹಿಡಿಯುವುದು. ಪ್ಲಾಜಾ ನುವೇವಾ ಚೌಕದಿಂದ ದಾರ್ರೋ ನದಿಯ ಪಕ್ಕ ಹಿಡಿದು ಹಳೆಯ ಸ್ನಾನಗೃಹದವರೆಗೆ ಆರು ನಿಮಿಷ. ಅಲ್ಲಿಂದ ಗಲ್ಲಿಯೊಳಗೆ ನುಗ್ಗಿ ಸಾನ್ ನಿಕೋಲಾಸ್ ಚೌಕಕ್ಕೆ ಎಂಟು ನಿಮಿಷ. ಅಲ್ಲಿ ನಿಂತರೆ ಎದುರಿಗೆ ಅಲ್ಹಂಬ್ರಾ ಅರಮನೆ. ಊರ ನಡುವಿನ ದೊಡ್ಡ ಚರ್ಚಿನ ಬೆನ್ನಿಗೆ ಹಳೆಯ ರೇಷ್ಮೆ ಪೇಟೆ, ಅದರಾಚೆ ವ್ಯಾಪಾರಿಗಳು ಒಂಟೆ ಕಟ್ಟುತ್ತಿದ್ದ ಛತ್ರ. ಒಂಟೆಯ ಸಂಗತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಗಿರಾಕಿಗಳಿಗೆ ಖುಷಿಯಾಗಲಿ ಎಂದು ರೋಹಿದಾಸನೇ ಕಟ್ಟಿದ್ದು.

ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಹದಿಮೂರು ವರ್ಷ ತಟ್ಟೆಯಂಥ ಕುವೈತಿನಲ್ಲಿ ನಡೆದ ಮನುಷ್ಯನಿಗೆ, ನೆಲ ಮೇಲಕ್ಕೂ ಹೋಗುತ್ತದೆ ಎಂಬುದು ಮರೆತೇಹೋಗಿತ್ತು. ನಕ್ಷೆಯಲ್ಲಿ ಗುಡ್ಡ ಕಾಣುವುದಿಲ್ಲ, ದಾರಕ್ಕೆ ಏದುಸಿರು ಬರುವುದಿಲ್ಲ. ಅಬು ಫೈಸಲನ ಅಮ್ಮ, ಎಪ್ಪತ್ತು ದಾಟಿದ ತೂಕದ ಹೆಂಗಸು, ಆ 'ಎಂಟು ನಿಮಿಷ'ದ ಗಲ್ಲಿಯನ್ನು ಹತ್ತಿ ಮುಗಿಸಲು ಒಂದೂವರೆ ಗಂಟೆ ತೆಗೆದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ಕೂತು, ಪುಸ್ತಿಕೆ ಬರೆದವನಿಗೆ ಶಾಪ ಹಾಕಿದಳಂತೆ. ಮುಂದಿನ ಮುದ್ರಣದಲ್ಲಿ ರೋಹಿದಾಸ ದೊಡ್ಡ ಮನಸ್ಸು ಮಾಡಿ ಎಂಟನ್ನು ಹತ್ತು ಮಾಡಿದ.

ಶುಕ್ರವಾರ ರಜೆ. ಅಂದು ಅವನು ಸುಗಂಧಿಯನ್ನೂ ಹನ್ನೊಂದರ ಮಗಳು ಅನ್ವಿತಾಳನ್ನೂ ಗ್ರನಾಡಾಕ್ಕೆ ಹೊರಡಿಸುತ್ತಿದ್ದ. ಅಂದರೆ ಸಮುದ್ರದ ಬದಿಯ ರಸ್ತೆಗೆ. ಪುಸ್ತಿಕೆಯಲ್ಲಿ ನದಿ ಬಲಕ್ಕಿತ್ತು. ಹಾಗಾಗಿ ಮೊದಲು ಬಸ್ಸಿನಲ್ಲಿ ಕುವೈತ್ ಟವರ್ಸ್‌ವರೆಗೆ ಹೋಗಿ, ಸಮುದ್ರ ಬಲಕ್ಕೆ ಬರುವ ಹಾಗೆ ವಾಪಸು ನಡೆಯಬೇಕು. ರೋಹಿದಾಸ ವಾಚು ಹಿಡಿದು ಮುಂದೆ, ಅವರಿಬ್ಬರು ಬೆವರು ಒರೆಸುತ್ತ ಹಿಂದೆ.

"ಈಗ ಬಲಗಡೆ ನೋಡು, ದಾರ್ರೋ ನದಿ."

"ಪಪ್ಪಾ, ದಟ್ಸ್ ದ ಸೀ," ಅನ್ನುವಳು ಅನ್ವಿತಾ.

"ನಿಮ್ಮ ಆ ನದಿಯಲ್ಲಿ ಬಂಗುಡೆ ಸಿಗ್ತದಾ ಮಾರಾಯ್ರೆ? ಸಿಗುದಾದ್ರೆ ನಾನೂ ಬರ್ತೇನೆ," ಎಂದು ಸುಗಂಧಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಮುಬಾರಕಿಯಾ ಸಂತೆಯನ್ನು ರೇಷ್ಮೆ ಪೇಟೆಯೆಂದು ತೋರಿಸಿದರೆ ಮಾತ್ರ ಅವಳು ತಕರಾರಿಲ್ಲದೆ ಒಳಗೆ ಹೋಗುತ್ತಿದ್ದಳು.

ನಗಬಾರದು, ರೋಹಿದಾಸನಿಗೆ ಆ ಊರನ್ನು ನೋಡುವ ಆಸೆ ನಿಜವಾಗಿಯೂ ಇತ್ತು. ಆದರೆ ಹೋಗುವುದು ಹೇಗೆ? ಕುವೈತಿನ ಪದ್ಧತಿಯಂತೆ ಅವನ, ಸುಗಂಧಿಯ, ಅನ್ವಿತಾಳ ಪಾಸ್‌ಪೋರ್ಟುಗಳು ಕಫೀಲನ ಬೀರುವಿನಲ್ಲಿದ್ದವು. ಕಫೀಲನೆಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಂದರೆ ಅಬು ಫೈಸಲ್. ಊರಿಗೆ ಹೋಗುವಾಗ ಅವನು ಬೀರು ತೆಗೆದು ಕೊಡುತ್ತಿದ್ದ, ಬಂದಮೇಲೆ ಇಸಕೊಂಡು ಒಳಗಿಡುತ್ತಿದ್ದ. ಬೇರೆಯವರನ್ನು ದೇಶ ಸುತ್ತಿಸುವುದೇ ಕಸುಬಾದ ಮನುಷ್ಯನಿಗೆ ತನ್ನ ಪಾಸ್‌ಪೋರ್ಟಿನ ಬಣ್ಣ ನೆನಪಿದ್ದದ್ದೇ ದೊಡ್ಡದು.

೧೯೯೦ರ ಜುಲೈಯಲ್ಲಿ ಆ ಮೂರೂ ಹೊರಗೆ ಬಂದವು. ವಾಸದ ಪರವಾನಗಿಯ, ಅಂದರೆ ಇಕಾಮಾದ, ನವೀಕರಣವಾಗಬೇಕಿತ್ತು. ಅದೇ ದಿನ ಅಬು ಫೈಸಲ್ ಅಮ್ಮನನ್ನೂ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಗ್ರನಾಡಾಕ್ಕೆ ಹೊರಟಿದ್ದ. ಧಣಿಯ ಚೀಲ ತುಂಬುವುದು ರೋಹಿದಾಸನ ಕೆಲಸ, ಅದರಲ್ಲಿ ಅವನ ಕೈ ಅಷ್ಟು ಅಚ್ಚುಕಟ್ಟು. ಟಿಕೆಟು, ಹೋಟೆಲಿನ ಕಾಗದ, ಐದು ದಾರಿಗಳ ಪುಸ್ತಿಕೆ, ಪಾಸ್‌ಪೋರ್ಟುಗಳು. ಮೇಜಿನ ಮೇಲಿದ್ದ ಅಷ್ಟೂ ಪಾಸ್‌ಪೋರ್ಟುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಚೀಲಕ್ಕಿಟ್ಟು ಜಿಪ್ ಎಳೆದ.

ನಾಲ್ಕನೆಯ ದಿನ ಗ್ರನಾಡಾದಿಂದ ಫೋನು.

"ಯಾ ರೋಹಿದಾಸ್, ನೀನು ನನ್ನ ಚೀಲದಲ್ಲಿ ಏನು ಮಾಡುತ್ತಿದ್ದೀಯ? ನಿನ್ನ ಹೆಂಡತಿಯೂ ಇದ್ದಾಳೆ!" ಅಬು ಫೈಸಲ್ ಹೊಟ್ಟೆ ಹಿಡಿದು ನಗುತ್ತಿದ್ದ. "ಇರಲಿ. ಆಗಸ್ಟ್ ಹದಿನೈದಕ್ಕೆ ತರುತ್ತೇನೆ. ಅಲ್ಲಿಯವರೆಗೆ ನೀವೂ ನೋಡಿಕೊಳ್ಳಿ ಘರ್ನಾತಾ."

ರೋಹಿದಾಸನೂ ನಕ್ಕ. ಮನೆಯಲ್ಲಿ ಹೇಳಿದಾಗ ಸುಗಂಧಿ ಮಾತ್ರ ನಗಲಿಲ್ಲ.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಊರೊಳಗೆ ಬಂದವು. ಅವಕ್ಕೆ ಯಾರ ಪುಸ್ತಿಕೆಯೂ ಬೇಕಾಗಲಿಲ್ಲ. ಫೋನು ಸತ್ತಿತು, ಏಜೆನ್ಸಿಯ ಗಾಜು ಒಡೆಯಿತು, ಆಗಸ್ಟ್ ಹದಿನೈದು ಬಂದು ಹೋಯಿತು. ಭಾರತದವರು ಗುಂಪು ಗುಂಪಾಗಿ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ ಹೊರಟರು. ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ಗಡಿ ದಾಟಲು ಎಲ್ಲರಿಗೂ ಬೇಕಾದದ್ದು ಒಂದೇ. ರೋಹಿದಾಸನ ಮನೆಯದು ಸ್ಪೇನಿನಲ್ಲಿ ಸುಖವಾಗಿತ್ತು.

"ಪಾಸ್‌ಪೋರ್ಟು ನಿಮ್ಮಿಂದ ಹುಷಾರು," ಎಂದಳು ಸುಗಂಧಿ. "ಅದಕ್ಕಾದ್ರೂ ಓಡ್ಲಿಕ್ಕೆ ಗೊತ್ತಾಯ್ತು. ನಾವು ಇಲ್ಲಿ ಬಾಂಬು ಲೆಕ್ಕ ಮಾಡ್ತಾ ಕೂರುದು." ರೋಹಿದಾಸನಿಗೆ ತನ್ನ ಎರಡು ಕೈಗಳನ್ನೂ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೆಂಡತಿ ಮಗಳನ್ನು ಈ ಹೊಂಡಕ್ಕೆ ನೂಕಿದ್ದು ಬೇರೆ ಯಾರೂ ಅಲ್ಲ, ತಾನು ಎಳೆದ ಒಂದು ಜಿಪ್ಪು ಎಂದು ಅವನಿಗೆ ಗೊತ್ತಿತ್ತು.

ಕೆಳಗಿನ ಮಹಡಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸೈದು, ಉಳ್ಳಾಲದ ಬ್ಯಾರಿ, ಸುದ್ದಿ ತಂದ. "ರೋಹಿದಾಸಣ್ಣ, ಪಾಸ್‌ಪೋರ್ಟ್ ಇಲ್ಲದವರಿಗೆ ಎಂಬಸಿಯವರು ಒಂದು ಕಾಗದ ಬರೆದು ಕೊಡ್ತಾರಂತೆ. ಸಾಕ್ಷಿಗೆ ನಾನುಂಟು. ನಡಿ ನಡಿ, ಯಲ್ಲಾ!"

ಒಂದು ಶಾಲೆಯ ವರಾಂಡದಲ್ಲಿ ಮೇಜು ಹಾಕಿದ್ದರು. ಸಾಲು ಗೇಟು ದಾಟಿ ಬೀದಿಗೆ ಬಂದಿತ್ತು. ನಿದ್ದೆಗೆಟ್ಟ ಅಧಿಕಾರಿಯೊಬ್ಬ ತಲೆ ಎತ್ತದೆಯೇ ಕೇಳಿದ.

"ಪಾಸ್‌ಪೋರ್ಟ್ ಎಲ್ಲಿ?"

"ಗ್ರನಾಡಾದಲ್ಲಿ ಸರ್."

"ಅದು ಎಲ್ಲಿ ಬಂತು?"

"ಸ್ಪೇನ್ ಸರ್."

ಅಧಿಕಾರಿ ತಲೆ ಎತ್ತಿದ. "ಅದು ಸ್ಪೇನಿಗೆ ಹೋದಾಗ ನೀವು ಎಲ್ಲಿದ್ರಿ?"

"ಇಲ್ಲೇ ಸರ್."

ಸಾಲು ಘೊಳ್ಳೆಂದು ನಕ್ಕಿತು. ಹದಿನೈದು ದಿನದಿಂದ ನಗದಿದ್ದವರೂ ನಕ್ಕರು. ಅಧಿಕಾರಿಗೆ ಮಾತ್ರ ತನ್ನನ್ನು ಆಟ ಆಡಿಸುತ್ತಿದ್ದಾನೆ ಅನ್ನಿಸಿತು. "ಸ್ಪೇನಲ್ಲಿ ಎಲ್ಲಿ? ಯಾವ ಹೋಟೆಲು? ಸುಳ್ಳು ಹೇಳಿದ್ರೆ ಸಾಲಿನಿಂದ ಹೊರಗೆ ಹಾಕ್ತೇನೆ."

ರೋಹಿದಾಸ ಕಣ್ಣು ಮುಚ್ಚಿದ. "ಪ್ಲಾಜಾ ನುವೇವಾಕ್ಕೆ ಬೆನ್ನು ಹಾಕಿ ನಿಂತರೆ ಎಡಕ್ಕೆ ದೊಡ್ಡ ರಸ್ತೆ ಸರ್. ಅದರಲ್ಲಿ ಐದು ನಿಮಿಷ ನಡೆದರೆ ಚರ್ಚಿನ ಗೋಪುರ ಕಾಣ್ತದೆ. ಚರ್ಚಿನ ಹಿಂದೆ ರೇಷ್ಮೆ ಪೇಟೆ, ಮೂರನೇ ಗಲ್ಲಿ, ನೀರಿನ ಕಾರಂಜಿ. ಕಾರಂಜಿಯ ಎದುರಿನ ಹೋಟೆಲು, ಎರಡನೇ ಮಹಡಿ. ಕಿಟಕಿ ತೆಗೆದರೆ ಅಲ್ಹಂಬ್ರಾದ ಗೋಡೆ, ಸಂಜೆ ಹೊತ್ತು ಕೆಂಪಾಗ್ತದೆ." ಹೇಳಲು ಹೊರಟವನಿಗೆ ನಿಲ್ಲಿಸಲಾಗಲಿಲ್ಲ. ನದಿ, ಸ್ನಾನಗೃಹ, ಛತ್ರ, ಒಂಟೆ ಎಲ್ಲವೂ ಬಂತು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಎಷ್ಟು ಸಲ ಹೋಗಿದ್ದೀರಿ?"

"ಒಂದು ಸಲವೂ ಇಲ್ಲ ಸರ್. ನಾನು ಗುಮಾಸ್ತ."

ಅಧಿಕಾರಿ ಕಾಗದವೊಂದನ್ನು ಎಳೆದುಕೊಂಡು, ಮೂರು ಹೆಸರು ಕೇಳಿ ಬರೆದ. ಸೈದು ಎರಡು ಕಡೆ ಸಹಿ ಹಾಕಿದ.

ಆ ಕಾಗದವನ್ನು ಸುಗಂಧಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಳು. ಗಂಡನ ಕೈಗೆ ಮುಟ್ಟಲೂ ಕೊಡಲಿಲ್ಲ. ದಾರಿಯಲ್ಲಿ ಅದನ್ನು ಏಳು ಕಡೆ ಬಿಚ್ಚಿ ತೋರಿಸಬೇಕಾಯಿತು, ಪ್ರತಿ ಸಲವೂ ಬಂದೂಕಿನವರು ತಿರುಗಿಸಿ ತಿರುಗಿಸಿ ನೋಡುವಾಗ ಮೂವರಿಗೂ ಉಸಿರು ನಿಲ್ಲುತ್ತಿತ್ತು. ಜೋರ್ಡಾನಿನ ಗಡಿಯ ಡೇರೆಯಲ್ಲಿ ಅನ್ವಿತಾಳಿಗೆ ಜ್ವರ ಬಂದು, ನೀರಿಗಾಗಿ ಸುಗಂಧಿ ಮೂರು ಗಂಟೆ ಬಿಸಿಲಿನಲ್ಲಿ ನಿಂತಳು. ಹನ್ನೆರಡನೆಯ ದಿನ ಬೊಂಬಾಯಿ. ಅಲ್ಲಿಂದ ಮುಲ್ಕಿ.

ಒಂದು ವರ್ಷ ಊರಲ್ಲಿ ಕೂತದ್ದಾಯಿತು. ಯುದ್ಧ ಮುಗಿದ ಮೇಲೆ ಅಬು ಫೈಸಲ್ ಹೊಸ ವೀಸಾ ಕಳಿಸಿದ, ರೋಹಿದಾಸ ಹೊಸ ಪಾಸ್‌ಪೋರ್ಟು ಮಾಡಿಸಿ ೧೯೯೧ರ ನವೆಂಬರಿನಲ್ಲಿ ಒಬ್ಬನೇ ಕುವೈತಿಗೆ ಬಂದ. ಎಣ್ಣೆಬಾವಿಗಳ ಬೆಂಕಿ ಆಗಷ್ಟೇ ಆರಿತ್ತು, ಗೋಡೆಗಳೆಲ್ಲ ಮಸಿ. ಏಜೆನ್ಸಿಗೆ ಹೊಸ ಗಾಜು, ಹೊಸ ಬೀರು.

ಅಬು ಫೈಸಲ್ ಎದ್ದು ಬಂದು ಅಪ್ಪಿಕೊಂಡ. ಅರ್ಧ ಇಳಿದುಹೋಗಿದ್ದ. ಒಳಜೇಬಿನಿಂದ ಮೂರು ಹಳೆಯ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟ, ಅದೇ ರಬ್ಬರ್ ಬ್ಯಾಂಡು.

"ಇವನ್ನು ಒಂದು ದಿನವೂ ಹೋಟೆಲಿನಲ್ಲಿ ಬಿಟ್ಟವನಲ್ಲ ನಾನು. ದಿನಾ ಬೆಳಿಗ್ಗೆ ನಿನ್ನ ಒಂದು ದಾರಿ ಹಿಡಿದು ನಡೆಯುತ್ತಿದ್ದೆ. ಸಂಜೆ ಇನ್ನೊಂದು. ದೇಶ ಕಳೆದುಕೊಂಡವನಿಗೆ ಬೇರೆ ಕೆಲಸ ಏನಿತ್ತು? ನಿನ್ನ ಪುಸ್ತಿಕೆ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು."

ಅವನ ಕಣ್ಣು ಒದ್ದೆಯಾಯಿತು. ರೋಹಿದಾಸನದೂ ಆಯಿತು. ಹತ್ತು ವರ್ಷ ಬರೆದದ್ದಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು.

"ಬರುವ ಜೂನಿಗೆ ನೀನೂ ಬರುತ್ತೀಯ ನನ್ನ ಜೊತೆ. ಘರ್ನಾತಾ ನಿನಗೆ ತೋರಿಸುತ್ತೇನೆ," ಎಂದ ಅಬು ಫೈಸಲ್. ಮೂಗು ಒರೆಸಿಕೊಂಡು, ಹೊಸ ಬೀರುವಿನ ಬಾಗಿಲು ತೆಗೆದು, ಕೈ ಚಾಚಿದ. "ಹೊಸ ಪಾಸ್‌ಪೋರ್ಟು ಕೊಡು. ಒಳಗಿಡುತ್ತೇನೆ."

ರೋಹಿದಾಸನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಹದಿನಾಲ್ಕು ವರ್ಷದ ಅಭ್ಯಾಸ. ಪಾಸ್‌ಪೋರ್ಟು ಅರ್ಧ ಹೊರಗೂ ಬಂತು. ಅಲ್ಲಿಗೆ ನಿಂತಿತು.

"ಇದು ನನ್ನ ಹತ್ತಿರವೇ ಇರಲಿ, ಅಬು ಫೈಸಲ್."

"ಯಾಕೆ? ನನ್ನ ಮೇಲೆ ನಂಬಿಕೆ ಇಲ್ಲವಾ?"

"ಉಂಟು. ಚೀಲ ತುಂಬಿದವನು ನಾನೇ, ತಪ್ಪು ನನ್ನದೇ. ನೀವು ಅವನ್ನು ಒಂದು ವರ್ಷ ಎದೆಗೆ ಒತ್ತಿಕೊಂಡು ನಡೆದಿರಿ, ಗೊತ್ತುಂಟು. ಆದರೆ ಅವು ಅಲ್ಲಿದ್ದಾಗ ನನ್ನ ಹೆಂಡತಿ ಮಗಳು ಗಡಿಯ ಮರಳಿನಲ್ಲಿದ್ದರು."

"ಇಕಾಮಾ?"

"ನಾನೇ ಹೋಗಿ ಮುದ್ರೆ ಹಾಕಿಸ್ತೇನೆ. ಹಾಗೇ ವಾಪಸು ಜೇಬಿಗೆ ಹಾಕ್ತೇನೆ."

"ಹಾಗಾದರೆ ಘರ್ನಾತಾ ಖಲಾಸ್," ಎಂದ ಅಬು ಫೈಸಲ್. ದನಿ ಗಟ್ಟಿಯಾಗಿತ್ತು, ಕೈ ಇನ್ನೂ ಚಾಚಿಯೇ ಇತ್ತು.

"ಆಗಲಿ," ಎಂದ ರೋಹಿದಾಸ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಪಾಸ್‌ಪೋರ್ಟನ್ನು ಒಳಗೆ ತಳ್ಳಿ, ಜೇಬಿನ ಗುಂಡಿ ಹಾಕಿಕೊಂಡು, ತನ್ನ ಮೇಜಿಗೆ ಹೋಗಿ ಕೂತ.