ಸೆಂಪಾಯಿ ಮೇಲಿನ ಹೊಟ್ಟೆಕಿಚ್ಚು

ತಲೆ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು, ದಾರ ಕಟ್ಟಿ ಕುತ್ತಿಗೇಲಿ ನೇತಾಡೋದು ಇನ್ನೊಂದು. ಭೂಕಂಪ ಆದ್ಮೇಲೆ ಆಫೀಸಲ್ಲಿ ಎಲ್ರಿಗೂ ಹೆಲ್ಮೆಟ್ ಕೊಟ್ಟಿದ್ರು. ಇವರು ಅದನ್ನ ಅಂಗಾತ ಇಟ್ಟು ಬಿಸ್ಕೆಟ್ ತುಂಬಿರೋರು. "ಈಗ ಭೂಮಿ ನಡುಗಿದ್ರೆ?" ಅಂದ್ರೆ, "ಮೊದ್ಲು ತಿಂದ್ಬಿಡೋಣ, ಆಮೇಲೆ ಹಾಕ್ಕೊಳ್ಳೋಣ" ಅನ್ನೋರು.

ಇವರೇ ನಮ್ಮ ಸೆಂಪಾಯಿ. ಕೆಲಸದಲ್ಲಿ ನಮಗಿಂತ ಹಿರಿಯರನ್ನ ಇಲ್ಲಿ ಹಾಗೇ ಕರೆಯೋದು. ಜಪಾನಿನ ಕೋಟೋದಲ್ಲಿ ನಮ್ದೊಂದು ಪುಟ್ಟ ಕಂಪನಿ. ಸಣ್ಣಪುಟ್ಟ ಅಂಗಡಿಗಳ ಹಳೇ ವೆಬ್‌ಸೈಟ್‌ಗಳನ್ನ ಡಿಸೈನ್ ಸಾಫ್ಟ್‌ವೇರಿನ ಹೊಸ ವರ್ಷನ್‌ಗೆ ಸಾಗಿಸೋದು ಕೆಲಸ. ಹಳೇ ಫೈಲನ್ನ ಹೊಸದ್ರಲ್ಲಿ ತೆರೆದ್ರೆ ಚಿತ್ರ ಒಂದು ದಿಕ್ಕು, ಅಕ್ಷರ ಇನ್ನೊಂದು ದಿಕ್ಕು. ನಾನು ಚಕಚಕ ಅಂತ ಸರಿ ಮಾಡ್ಬಿಡ್ತಿದ್ದೆ. ಅವರು ಒಂದು ಮುಗ್ಸೋದ್ರೊಳಗೆ ನಂದು ಮೂರು. ಆದ್ರೂ ಗಿರಾಕಿಗಳು ಫೋನ್ ಮಾಡಿ ಕೇಳ್ತಿದ್ದಿದ್ದು ಅವರನ್ನೇ. ನಂಗೆ ಮೈಯೆಲ್ಲ ಉರಿ.

ಇಲ್ಲಿ ಮನೆ ರಿಪೇರಿಗೆ ಮುಂಚೆ ಅಕ್ಕಪಕ್ಕದೋರಿಗೆ ಸ್ವೀಟ್ ಡಬ್ಬ ಕೊಟ್ಟು, ತೊಂದ್ರೆ ಆಗತ್ತೆ, ಸುಮಿಮಾಸೆನ್, ಕ್ಷಮಿಸಿ ಅಂತ ತಲೆ ಬಗ್ಗಿಸಿ ಬರ್ತಾರೆ. ಇವರು ವೆಬ್‌ಸೈಟಿಗೂ ಹಾಗೇ ಮಾಡೋರು! ಡಬ್ಬ ಹಿಡ್ಕೊಂಡು ರೈಲು ಹತ್ತಿ ಹೋಗಿ, ಟೀ ಕುಡ್ದು, ಒಂದೇ ಪ್ರಶ್ನೆ: "ಇದ್ರಲ್ಲಿ ಯಾವ್ದು ಹೋದ್ರೆ ನಿಮ್ಗೆ ಬೇಜಾರಾಗತ್ತೆ?"

"ಬರೀ ಡ್ರಾಮಾ" ಅಂತ ನಾನು ಮನೇಲಿ ಗೊಣಗಿದ್ರೆ ನಮ್ಮನೆಯವರು, "ನೀನೂ ಒಂದು ಡಬ್ಬ ತಗೊಂಡು ಹೋಗೇ, ಯಾರ್ ಬೇಡ ಅಂದ್ರು?" ಅನ್ನೋರು.

"ನಾನು ಇಂಜಿನಿಯರ್ ರೀ, ಬೀಗಿತ್ತಿ ಅಲ್ಲ."

ಆ ವರ್ಷ ಟೀಮ್ ಲೀಡರ್ ಜಾಗ ಖಾಲಿ ಆಯ್ತು. ಒಂದೋ ಅವರಿಗೆ, ಇಲ್ಲಾ ನಂಗೆ. ನಂಗೆ ಬೇಕೇಬೇಕಿತ್ತು. ಸರಿಯಾಗಿ ಆಗ್ಲೇ, ಸೆಂಪಾಯಿ ರಜಾದಲ್ಲಿದ್ದಾಗ, ಉತ್ತರದ ಕರಾವಳಿಯ ಒಂದು ಉಪ್ಪಿನಕಾಯಿ ಅಂಗಡಿ ಸೈಟು ನನ್ನ ಕೈಗೆ ಬಂತು. ಸುನಾಮಿಗೆ ಅಂಗಡಿ ಕೊಚ್ಕೊಂಡು ಹೋಗಿ, ವಯಸ್ಸಾದ ಗಂಡ ಹೆಂಡ್ತಿ ಬೇರೆ ಕಡೆ ಮತ್ತೆ ತೆರೆದಿದ್ರು. ಸೈಟನ್ನ ಥಳಥಳ ಅನ್ನಿಸ್ದೆ. ಪುಟದ ಕೆಳಗೆ, ಎಷ್ಟು ಜನ ನೋಡಿದ್ರು ಅಂತ ತೋರ್ಸೋ ಹಳೇ ಕೌಂಟರ್ ಇತ್ತು. ಹೊಸ ವರ್ಷನ್‌ನಲ್ಲಿ ಅದು ಓಡಲ್ಲ. ಈಗೆಲ್ಲ ಯಾರಿಡ್ತಾರೆ ಅಂತ ಕಿತ್ತಾಕ್ದೆ. "ತುಂಬಾ ಚೆನ್ನಾಗಿದೆ" ಅಂತ ಆ ದಂಪತಿ ಹೊಗಳಿದ್ರು. ಜಾಗ ನಂದೇ ಅಂದ್ಕೊಂಡೆ.

ಮಾರನೇ ವಾರ ಅವರು ಫೋನ್ ಮಾಡಿದ್ದು ಸೆಂಪಾಯಿಗೆ. ಇವರು ಹೋಗಿ ಬಂದು ನನ್ನ ಪಕ್ಕ ಕೂತ್ರು. "ಸುನಾಮಿ ಆದ್ಮೇಲೆ ಇನ್ನು ವ್ಯಾಪಾರ ಸಾಕು ಅಂತ ತೀರ್ಮಾನ ಮಾಡಿದ್ರಂತೆ. ಶಾಲೇಲಿ ಆಶ್ರಯಕ್ಕಿದ್ದಾಗ ಯಾರದೋ ಫೋನಲ್ಲಿ ನೋಡಿದ್ರೆ ಕೌಂಟರ್ ದಿನಾ ಏರ್ತಿತ್ತಂತೆ. ನಮ್ಮನ್ನ ಹುಡುಕೋರು ಇನ್ನೂ ಇದಾರೆ ಅಂತಾನೇ ಮತ್ತೆ ಶುರು ಮಾಡಿದ್ದು." ಆಮೇಲೆ ಮೆಲ್ಲಗೆ, "ಹಳೇ ನಂಬರ್ ಸಿಗತ್ತಾ? ಸೊನ್ನೆಯಿಂದ ಬೇಡ."

"ನಂಗೇ ಹೇಳಬಹುದಿತ್ತಲ್ಲ ಅವರು!"

"ನೀವು ಕೇಳಲಿಲ್ಲ, ಅವರು ಹೇಳಲಿಲ್ಲ."

ಹಳೇ ಫೈಲಿಂದ ನಂಬರ್ ತೆಗೆದು, ಅಲ್ಲಿಂದಲೇ ಓಡೋ ಹಾಗೆ ಹೊಸ ಕೌಂಟರ್ ಕೂರ್ಸಿದ್ದು ನಾನು. ಥ್ಯಾಂಕ್ಸ್ ಅಂತ ಉಪ್ಪಿನಕಾಯಿ ಡಬ್ಬಿ ಬಂದಿದ್ದು ಸೆಂಪಾಯಿ ಹೆಸರಿಗೆ. ಲೀಡರ್ ಆಗಿದ್ದೂ ಅವರೇ. ಡಬ್ಬೀನ ನನ್ನ ಮೇಜಿನ ಮೇಲಿಟ್ಟು, "ಮಾಡಿದ್ದು ನೀವಲ್ವಾ" ಅಂದ್ರು. ಒಳ್ಳೇತನಾನೂ ಅವರ ಪಾಲಿಗೇ! ಇನ್ನಷ್ಟು ಉರೀತು.

ಆವತ್ತಿಂದ ಗಿರಾಕಿ ಹತ್ರ ಹೋಗಿ ಕೇಳದೆ ನಾನು ಏನನ್ನೂ ಕೀಳಲ್ಲ. ಆಮೇಲೆ ಕ್ಯಾನ್ಸರ್ ಬಂದು ಸೆಂಪಾಯಿ ಕೆಲಸ ಬಿಟ್ರು, ಮಳೆಗಾಲ ಮುಗಿಯೋದ್ರೊಳಗೆ ಹೋಗೇ ಬಿಟ್ರು. ಲೀಡರ್ ಜಾಗ ನಂಗೆ ಬಂತು.

ಮೊನ್ನೆ ಹಮಾಮತ್ಸುವಿನ ಸೈಕಲ್ ಅಂಗಡಿಯವರೊಬ್ರು ಆಫೀಸಿಗೆ ಫೋನ್ ಮಾಡಿ, "ಆ ಇಂಡಿಯಾದವರು ಇದಾರಾ? ಅವರೇ ಬೇಕು" ಅಂದ್ರಂತೆ. ಮೊದಲ ಸಲ! ಜಂಬ ಕೊಚ್ಕೊಳ್ಳೋಣ ಅಂತ ಕುರ್ಚಿ ತಿರುಗಿಸ್ದೆ. ಸೆಂಪಾಯಿ ಮೇಜಲ್ಲಿ ಬೇರೆ ಯಾರೋ ಕೂತಿದ್ರು. ಈ ಹೊಸಬರ ಮುಂದೆ ಗೆದ್ದು ನಂಗೇನಾಗಬೇಕು? ಹೊಟ್ಟೆ ಉರ್ಕೊಳ್ಳೋಕೂ ಒಂದು ಜನ ಬೇಕು ಕಣ್ರೀ. ನಂಗಿದ್ದಿದ್ದು ಅವರೊಬ್ರೇ.