ಕೆಸರವ್ವನ ಹದಿನಾಲ್ಕು ಶಕ್ತಿಗಳಲ್ಲಿ ಉಳಿದದ್ದು ಮೂರು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಅಂಗಿಗುಂಡಿಗಳು ಸಾಲಾಗಿ ಕೂತಿವೆ, ಅವು ವೀರರು. ಎದುರಿಗೆ ಬಾಟಲಿಯ ಮುಚ್ಚಳವೊಂದು. ಅದು ಎರಡು ತಲೆಯ ಹದ್ದು. ಐವತ್ತೆರಡರ ಹೆಂಗಸೊಬ್ಬರು ದಾಳ ಉರುಳಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೈಯಲ್ಲಿರುವ ಹಾಳೆ ಓದುತ್ತಾರೆ. ಮತ್ತೆ ಓದುತ್ತಾರೆ. “ರೆಕ್ಕೆ ಬಡಿಯುತ್ತೆ ಅಂತ ಬರ್ದಿದಾರೆ. ಬಡಿದು ಹಾರುತ್ತಾ, ಅಲ್ಲೇ ಕೂರುತ್ತಾ? ನಂಗೊಂದೂ ತಿಳೀತಿಲ್ಲ” ಎನ್ನುತ್ತಾ ಆ ಸಾಲಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾರೆ.

ತಿಳಿಯದಿರುವುದೇ ಇವರ ಉದ್ಯೋಗ. ಆಟದ ಪುಸ್ತಕಗಳನ್ನು ಹೊರತರುವ ಸಣ್ಣ ಕಚೇರಿಯೊಂದರಲ್ಲಿ ಎಲ್ಲರೂ ಇವರನ್ನು ‘ಗೊಂದಲಕ್ಕ’ ಎನ್ನುತ್ತಾರೆ. ಮೇಜಿನ ಸುತ್ತ ಕೂತು ಆಡುವ ಆಟವದು. ನಾಲ್ಕೈದು ಜನ ವೀರರಾಗುತ್ತಾರೆ, ಒಬ್ಬರು ಕಥೆ ನಡೆಸುತ್ತಾರೆ. ದಾರಿಗಡ್ಡ ಬರುವ ರಾಕ್ಷಸರೆಲ್ಲರ ಪರವಾಗಿ ಮಾತಾಡುವುದು, ಹೊಡೆಯುವುದು, ಸಾಯುವುದು ಆ ಒಬ್ಬರದೇ ಪಾಡು. ಒಬ್ಬೊಬ್ಬ ರಾಕ್ಷಸನಿಗೂ ಹತ್ತು ಹನ್ನೆರಡು ಶಕ್ತಿಗಳಿದ್ದರೆ ಕಥೆ ನಡೆಸುವವರು ಪುಟ ತಿರುವುತ್ತಾ ಕಣ್‌ಕಣ್ ಬಿಡುತ್ತಾರೆ. ವೀರರು ಆಕಳಿಸುತ್ತಾರೆ. ಹಾಗಾಗದಂತೆ ಅಚ್ಚಿಗೆ ಮೊದಲೇ ಆಡಿ ನೋಡಿ, ತೊಡಕಿದ್ದಲ್ಲಿ ಗುರುತು ಹಾಕುವವರು ಇವರು.

ಮೊದಲು ಇವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಒಮ್ಮೆ ಆಟದ ರಾಕ್ಷಸರ ಹಾಳೆಗಳ ಕಟ್ಟೊಂದು ಬಂತು. ಕಾಗುಣಿತ ನೋಡಿದ್ದರೆ ಸಾಕಿತ್ತು. ಇವರು ಪ್ರತಿ ಪುಟದ ಅಂಚಿನಲ್ಲೂ ‘ಇದು ಮೊದಲು ಏನು ಮಾಡುತ್ತದೆ? ಅರ್ಥವಾಗಲಿಲ್ಲ’ ಎಂದು ಬರೆದರು. ಮರುದಿನವೇ ಆ ರಾಕ್ಷಸರನ್ನು ಸೃಷ್ಟಿಸಿದವರು ಮುಖ ಊದಿಸಿಕೊಂಡು ಬಂದರು. “ಬೈಯೋಕೆ ಬಂದಿದಾರೆ ಅಂದ್ಕೊಂಡೆ. ಬೈದ್ರು ಕೂಡ. ಆಮೇಲೆ ಕೆಲ್ಸಕ್ಕೆ ಬನ್ನಿ ಅಂದ್ರು. ಯಾವುದು ನಿಜ ಅಂತ ಎರಡು ದಿನ ತಿಳೀಲಿಲ್ಲ.”

ಅದಾಗಿ ಎಂಟು ವರ್ಷ. ವಾರಕ್ಕೆ ಮೂರು ರಾಕ್ಷಸರು, ಒಬ್ಬೊಬ್ಬರೊಂದಿಗೆ ಆರು ಕಾದಾಟ. ಲೆಕ್ಕ ಸಾವಿರ ದಾಟಿದೆ. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ.

ಮನೆಯಲ್ಲಿರುವುದು ಇವರು ಮತ್ತು ಅಣ್ಣ. ಕ್ರೇನ್ ಓಡಿಸುತ್ತಿದ್ದ ಅಣ್ಣನ ತಲೆಗೆ ಆರು ವರ್ಷದ ಹಿಂದೆ ಕಬ್ಬಿಣದ ತೊಲೆ ಬಡಿಯಿತು. “ಮೂರು ಮಾತು ಒಟ್ಟಿಗೆ ನೆನಪಿರುತ್ತೆ. ನಾಲ್ಕನೇದು ಬಂತೋ, ಮೊದಲನೇದು ಜಾರಿಹೋಗುತ್ತೆ” ಎಂದು ಅವರೇ ನಗುತ್ತಾ ಹೇಳುತ್ತಾರೆ. ಭಾನುವಾರ ಮಧ್ಯಾಹ್ನ ನೆರೆಯವರು ಆಟಕ್ಕೆ ಬಂದು ಕೂರುತ್ತಾರೆ. ಕಥೆ ನಡೆಸುವವರು ಈ ಅಣ್ಣ.

ಕಳೆದ ವರ್ಷ ಕಚೇರಿಯಿಂದ ಕೆಸರವ್ವ ಬಂದಳು. ಜೌಗಿನಲ್ಲಿರುವ ಮುದುಕಿ, ಹದಿನಾಲ್ಕು ಶಕ್ತಿ, ಮೂರು ಪುಟ. ಸೃಷ್ಟಿಸಿದವರ ಎರಡು ವರ್ಷದ ದುಡಿಮೆ. ಗೊಂದಲಕ್ಕನಿಗೆ ತಲೆಬುಡ ತಿಳಿಯಲಿಲ್ಲ. ತಪ್ಪು ತನ್ನದೋ ಹಾಳೆಯದೋ ಎಂದು ನೋಡಲು ಭಾನುವಾರ ಅಣ್ಣನ ಕೈಗಿಟ್ಟರು.

ಎರಡನೇ ಪುಟದಲ್ಲಿ ಅಣ್ಣ ನಿಂತುಬಿಟ್ಟರು. ಹಿಂದಿನ ಪುಟಕ್ಕೆ ತಿರುವಿದರು, ಮತ್ತೆ ಮುಂದಕ್ಕೆ ಬಂದರು. ದಾಳ ಕೆಳಗಿಟ್ಟು, “ಈಗ ನಾನ್ಯಾರು? ಕೆಸರವ್ವನೋ, ಕಥೆ ಹೇಳೋನೋ?” ಎಂದು ತಂಗಿಯನ್ನು ಕೇಳಿ, ಎದ್ದು ಕೋಣೆಗೆ ಹೋದರು. ಮುಂದಿನ ಎರಡು ಭಾನುವಾರ ಹೊರಗೆ ಬರಲಿಲ್ಲ.

“ನನ್ನ ಕೆಲ್ಸಕ್ಕೆ ಅಣ್ಣನ ತಲೇನ ಅಳತೆಗೋಲು ಮಾಡ್ಕೊಂಡ್ನಲ್ಲ. ಇನ್ನು ಸಾಕು, ಕೆಲ್ಸ ಬಿಡ್ತೀನಿ ಅಂತ ಆಫೀಸಿಗೆ ಹೇಳೋದ್ರಲ್ಲಿದ್ದೆ” ಎನ್ನುತ್ತಾರೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಅಣ್ಣ ಆ ಹಾಳೆಗಳನ್ನು ತಂದು ತಟ್ಟೆಯ ಪಕ್ಕ ಇಟ್ಟರು. ಹನ್ನೊಂದು ಶಕ್ತಿಗಳಿಗೆ ಪೆನ್ಸಿಲ್ ಗೀಟು ಬಿದ್ದಿತ್ತು. ಉಳಿದವು ಮೂರು: ಕೆಸರಲ್ಲಿ ಅಡಗುತ್ತಾಳೆ. ಕಾಲು ಹಿಡಿದು ಎಳೆಯುತ್ತಾಳೆ. ‘ಅವ್ವಾ’ ಎಂದು ಕರೆದರೆ ಬಿಡುತ್ತಾಳೆ.

“ಹಿಡಿಯೋದು ಎಲ್ಲಾ ರಾಕ್ಷಸರಿಗೂ ಬರುತ್ತೆ ಕಣೇ. ಬಿಡೋದು ಯಾವಾಗ ಅಂತ ಗೊತ್ತಿದ್ರೆ ತಾನೆ ಆಟ?” ಎಂದರು ಅಣ್ಣ.

ಗೊಂದಲಕ್ಕ ಆ ಹಾಳೆಗಳನ್ನು ಕಚೇರಿಗೆ ಒಯ್ದರು. ಸೃಷ್ಟಿಸಿದವರು ಒಪ್ಪಲಿಲ್ಲ. “ಹನ್ನೊಂದು ಹೋದ್ಮೇಲೆ ಅವಳಲ್ಲಿ ಏನುಳೀತು ಅಕ್ಕಾ?” ಎಂದು ಕೇಳಿದರು.

“ನಂಗೂ ಗೊತ್ತಿಲ್ಲ ಸಾರ್. ಭಾನುವಾರ ಬಂದು ಕೂತ್ಕೊಳ್ಳಿ.”

ಅವರು ಬಂದು ವೀರರಲ್ಲೊಬ್ಬರಾಗಿ ಕೂತರು. ಅಣ್ಣ ಹಾಳೆ ನೋಡದೆ, ನೆರೆಯವರ ಮುಖ ನೋಡುತ್ತಾ ಕಥೆ ನಡೆಸಿದರು. ಮೂರನೇ ಸರದಿಗೆ ಅತಿಥಿಯ ವೀರ ಕುತ್ತಿಗೆವರೆಗೆ ಹೂತಿದ್ದ. ಕತ್ತಿ ಬೀಸಿದರು, ಬೆಂಕಿ ಎಸೆದರು, ಏನೂ ನಾಟಲಿಲ್ಲ. ಬಿಡಿಸಿಕೊಳ್ಳುವ ಸಾಲು ಆ ಗಡಿಬಿಡಿಯಲ್ಲಿ ಹೊಳೆಯದೆ, ತಾವೇ ಬರೆದವಳ ಮುಂದೆ ತಾವೇ ಕಕ್ಕಾಬಿಕ್ಕಿಯಾದರು. “ಕೊನೇ ಉಸಿರು. ಏನು ಹೇಳ್ತೀರಿ?” ಎಂದರು ಅಣ್ಣ. ಅತಿಥಿ ದಾಳವನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, “ಅವ್ವಾ” ಎಂದರು.

ಅಣ್ಣ ಬಿಗಿಹಿಡಿದ ಮುಷ್ಟಿ ಬಿಚ್ಚಿದರು. “ಬಿಟ್ಳು.”

ಪುಸ್ತಕದಲ್ಲಿ ಕೆಸರವ್ವ ಮೂರೇ ಶಕ್ತಿಗಳೊಂದಿಗೆ, ಅರ್ಧ ಪುಟದಲ್ಲಿ ಅಚ್ಚಾಗಿದ್ದಾಳೆ. ಅಣ್ಣ ಈಗ ತಮ್ಮದೇ ಆದ ರಾಕ್ಷಸನೊಬ್ಬನನ್ನು ಬರೆಯುತ್ತಿದ್ದಾರೆ. ಹಾಳೆಯನ್ನು ದಿಂಬಿನಡಿ ಇಟ್ಟುಕೊಳ್ಳುತ್ತಾರೆ, ತಂಗಿಗೆ ತೋರಿಸುವುದಿಲ್ಲ.

ಪುಸ್ತಕದಲ್ಲಿ ಹೆಸರು ಬರಬೇಕು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಗೊಂದಲಕ್ಕ ಗುಂಡಿಗಳನ್ನು ಡಬ್ಬಿಗೆ ತುಂಬುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

“ಅದೆಲ್ಲ ಯಾಕೆ? ಇಷ್ಟು ವರ್ಷ ಹಾಳೆ ಓದದೆ ನಾನು ಯಾವ ರಾಕ್ಷಸನ ಮುಂದೂ ಕೂತಿಲ್ಲ. ಅಣ್ಣಂದು ಮುಂದಿನ ಭಾನುವಾರ ಬರುತ್ತಂತೆ. ಅದರ ಎದುರು ಕೂತು, ಏನ್ ಮಾಡ್ಬೇಕು ಅಂತ ತಿಳೀದೆ, ಒಂದ್ಸಲ ಚೆನ್ನಾಗಿ ಹೆದರ್ಕೋಬೇಕು. ಅಷ್ಟಾದ್ರೆ ಸಾಕು.”