ಒಂದೇ ಮಗ್ಗುಲಿನ ತಗಡು

ಗುಂಡಕ್ಕ ಅಂದರೆ ದಪ್ಪಗಿದ್ದಾಳೆಂದುಕೊಂಡೀರಿ, ಕಡ್ಡಿಯಂಥ ಹೆಂಗಸು. ಕಾರ್ಖಾನೆಯಲ್ಲಿ ತಗಡಿಗೆ ಉಕ್ಕಿನ ಗುಂಡು ಹೊಡೆಯುವವಳು, ಅದಕ್ಕೇ ಆ ಹೆಸರು. ಅಲ್ಯೂಮಿನಿಯಂಗೆ ಪಿಂಗಾಣಿಯಂಥ ಗಟ್ಟಿ ಪುಡಿ ಬೆರೆಸಿ ಮಾಡಿದ ತಗಡುಗಳು ಅವಳ ಯಂತ್ರಕ್ಕೆ ಬರುತ್ತವೆ. ಸಾಸಿವೆ ಗಾತ್ರದ ಗುಂಡುಗಳು ಸಾವಿರಗಟ್ಟಲೆ ಬಡಿದಾಗ ತಗಡಿನ ಮೈ ಹಿಗ್ಗಲು ನೋಡುತ್ತದೆ, ಒಳಗಿನ ಲೋಹ ಬಿಡುವುದಿಲ್ಲ. ಆ ಜಗ್ಗಾಟದ ಬಿಗುವು ಮೈಯಲ್ಲೇ ಉಳಿದು, ಬಿರುಕು ಬಾಯಿ ಬಿಡದಂತೆ ಕಾಯುತ್ತದೆ. ಎರಡೂ ಮಗ್ಗುಲಿಗೆ ಸಮನಾಗಿ ಹೊಡೆಯಬೇಕು, ಒಂದೇ ಕಡೆ ಹೊಡೆದರೆ ತಗಡು ಬಾಗಿಬಿಡುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದನ್ನೂ ಮಗುಚಲು ಮರೆತವಳಲ್ಲ ಗುಂಡಕ್ಕ.

ಹಾಗೆ ಉಳಿದ ಬಿಗುವನ್ನು ಎಕ್ಸ್‌ರೇ ಹಾಯಿಸಿ ಅಳೆಯುವವಳು ಬೇರೆ ಊರಿನ ಪ್ರಯೋಗಾಲಯದಲ್ಲಿರುವ ಅವಳ ತಂಗಿಯೇ. ಆರು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ದೊಡ್ಡವಳನ್ನು ಕನವರಿಸುತ್ತಿದ್ದ ಮಧ್ಯಾಹ್ನ ತಂಗಿ ಹದಿನಾಲ್ಕು ಸಲ ಫೋನ್ ಮಾಡಿದ್ದಳು. ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದವಳಿಗೆ ಒಂದೂ ಕೇಳಿಸಲಿಲ್ಲ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನಿಗಿಂತ ನಿನಗೆ ಆ ಗುಂಡೇ ಹೆಚ್ಚಾಯಿತು ಅಂದಳು ತಂಗಿ. ಇಷ್ಟು ಮಾತು ಆಡಿದವಳಿಗೆ ಸಮಜಾಯಿಷಿ ಬೇರೆ ಕೇಡು ಎಂದು ಇವಳೂ ಮುಖ ತಿರುಗಿಸಿದಳು. ಹಟದಲ್ಲಿ ಇಬ್ಬರೂ ಅಮ್ಮನ ಮಕ್ಕಳೇ ಬಿಡಿ.

ಆಮೇಲೆ ತಂಗಿಯಿಂದ ಬರುತ್ತಿದ್ದುದು ಅಳತೆಯ ಹಾಳೆ ಮಾತ್ರ. ಅದರ ಕೆಳಗಿನ ಸಹಿಯನ್ನು ಗುಂಡಕ್ಕ ಬೆರಳಲ್ಲಿ ಸವರುತ್ತಿದ್ದಳು. ಅವಳ ದನಿ ಒಮ್ಮೆ ಕೇಳಬೇಕೆಂದು ಜೀವ ಹಪಹಪಿಸುತ್ತಿತ್ತು. ತಾನೇ ಮಾಡೋಣವೆಂದು ಎಷ್ಟು ಸಲ ಫೋನ್ ಎತ್ತಿ ಕೆಳಗಿಟ್ಟಳೋ, ಲೆಕ್ಕವಿಲ್ಲ.

ಹೋದ ಸೋಮವಾರ ಹನ್ನೆರಡು ತಗಡು ಅಳತೆಗೆ ಹೊರಟವು. ಕೊನೆಯದು ಬಾಗಿತ್ತು. ತಪ್ಪು ಕಂಡರೆ ಕೆಂಪು ಚೀಟಿ ಬರೆದು ಮೇಲಿನವರಿಗೆ ಕಳಿಸುವುದು ಪ್ರಯೋಗಾಲಯದ ಪದ್ಧತಿ. ಗುರುವಾರದವರೆಗೂ ಚೀಟಿ ಬರಲಿಲ್ಲ. ಊಟದ ಬಿಡುವಿನಲ್ಲಿ ಫೋನ್ ಬಂತು.

"ಒಂದು ಮಗ್ಗುಲು ಹೊಡೆದೇ ಇಲ್ಲ," ಅಂದಳು ತಂಗಿ. ಹೇಗಿದ್ದೀಯ ಎಂಬ ಮಾತೂ ಇಲ್ಲ.

"ಹೂಂ."

"ನೀನು ಮರೆಯೋಳಲ್ಲ. ಬೇಕಂತಲೇ ಬಿಟ್ಟೆ ತಾನೆ?"

ಗುಂಡಕ್ಕ ಊಟದ ಡಬ್ಬಿ ಪಕ್ಕಕ್ಕೆ ಸರಿಸಿದಳು. "ಬೈಯೋಕಾದ್ರೂ ಫೋನ್ ಮಾಡ್ತೀಯ ಅಂತ. ಅವತ್ತು ನಂಗೆ ಕೇಳಿಸ್ಲಿಲ್ಲ ಕಣೇ. ಕಿವಿ ಮುಚ್ಕೊಂಡಿದ್ದೆ."

ಆ ಕಡೆ ತಗಡನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಗುಂಡಕ್ಕ, ತಗಡು ವಾಪಸು ಕಳಿಸು, ಇನ್ನೊಂದು ಮಗ್ಗುಲನ್ನೂ ಹೊಡೆದುಕೊಡುತ್ತೇನೆ ಅಂದಳು.

"ಕಳ್ಸಲ್ಲ. ನಾನೇ ತರ್ತೀನಕ್ಕಾ. ಭಾನುವಾರ ಬಸ್ ಇಳಿದು ಫೋನ್ ಮಾಡ್ತೀನಿ."

ಭಾನುವಾರ ಬೆಳಕು ಹರಿದಾಗಿನಿಂದ ಗುಂಡಕ್ಕ ಫೋನನ್ನು ಅಂಗೈಯಿಂದ ಕೆಳಗಿಡಲಿಲ್ಲ.